ಎಲ್ಕ್ ಬೇಟೆಗೆ ತಕ್ಕ ತೋಟಾ

ಹಲಸೂರು,
ಮಂಗಳವಾರ, ೧೬ ಸೆಪ್ಟೆಂಬರ್ ೨೦೨೫

ಬೇಟೆಯ ನಡುವೆಯೇ ಡೇರೆ ಕಿತ್ತುಕೊಂಡು ಊರಿಗೆ ಹೋಗಿ ಕೂತ ಮಹಾಶೂರ ಹುಸೇನಪ್ಪನಿಗೆ, ಡೇರೆಯಲ್ಲೇ ಉಳಿದುಹೋದ ಖುರ್ಷೀದನ ಸಲಾಮು.

ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವುದು ಅಮೃತಮ್ಮ ಎಂಬುದು ನನಗೆ ಗೊತ್ತು. ಸಕ್ಕರೆ ಕಾಯಿಲೆ ನಿನ್ನ ಕಣ್ಣನ್ನು ಮಬ್ಬು ಮಾಡಿದ ಮೇಲೆ ಔಷಧದ ಚೀಟಿಯಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಈ ಲೋಕವೆಲ್ಲ ನಿನಗೆ ಅವರ ದನಿಯಲ್ಲೇ ತಾನೆ ಕೇಳಿಸುವುದು. ಅಮೃತಮ್ಮಾ, ನಡುನಡುವೆ ನಿಮ್ಮ ಯಜಮಾನರನ್ನು ಬೈದಿದ್ದೇನೆ. ಆ ಜಾಗ ಬಂದಾಗ ದನಿ ತಗ್ಗಿಸಬೇಡಿ. ಸಾಧ್ಯವಾದರೆ ಎರಡೆರಡು ಸಲ ಓದಿ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದೆ. "ಹೂಂ", "ಆತ್ರಿ", "ಅಮೃತಾಗ ಕೊಡ್ತೀನ್ರಿ" ಎಂಬ ಮೂರು ಮಾತು ಬಿಟ್ಟರೆ ನಿನ್ನ ಬಾಯಿಂದ ನಾಲ್ಕನೆಯದು ಹೊರಡಲಿಲ್ಲ. ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದರೆ ಮುಗಿಯಿತು. ಕಾಗದ ಹಾಗಲ್ಲ. ಓದುವವರು ನಿನ್ನ ತಲೆದಿಂಬಿನ ಪಕ್ಕದಲ್ಲೇ ಕೂತಿರುತ್ತಾರೆ. ಗೋಡೆಯ ಕಡೆ ತಿರುಗಿದರೂ ಕೇಳಿಸಿಕೊಳ್ಳಲೇಬೇಕು. ಇವತ್ತು ರಾತ್ರಿಯ ಮಸ್ಕಿ ಬಸ್ಸಿನವನ ಕೈಗೆ ಕೊಟ್ಟರೆ ನಾಳೆ ಬೆಳಗ್ಗೆಯೇ ನಿನ್ನನ್ನು ಮುಟ್ಟುತ್ತದೆ.

ನಾನು ಇದನ್ನು ಬರೆಯುತ್ತಿರುವುದು ನಮ್ಮ ಡಯಾಲಿಸಿಸ್ ಹಾಲಿನ ಅದೇ ಕಿಟಕಿಯ ಪಕ್ಕದ ಹಾಸಿಗೆಯಿಂದ. ಎಡಗೈಯನ್ನು ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಒಪ್ಪಿಸಿದ್ದಾರೆ. ಬಲಗೈ ಸದ್ಯಕ್ಕೆ ನನ್ನ ಸ್ವಾಧೀನದಲ್ಲಿದೆ. ಅಕ್ಷರ ಅಡ್ಡಾದಿಡ್ಡಿಯಾಗಿದ್ದರೆ ತಪ್ಪು ನನ್ನದಲ್ಲ, ಹೊಟ್ಟೆಯ ಮೇಲೆ ಇಟ್ಟುಕೊಂಡಿರುವ ರಟ್ಟಿನದು. "ಅಂಕಲ್, ಪರೀಕ್ಷೆ ಬರೀತಿದ್ದೀರಾ? ಕೈ ಅಲ್ಲಾಡಿಸ್ಬೇಡಿ, ಅಲಾರಂ ಹೊಡ್ಕೊಳುತ್ತೆ" ಎಂದು ಜಯಮಾಲಾ ಸಿಸ್ಟರ್ ಆಗಲೇ ಒಮ್ಮೆ ಗದರಿಸಿ ಹೋದರು.

ನಿನ್ನ ಹಾಸಿಗೆಗೆ ಶನಿವಾರವೇ ಹೊಸಬರು ಬಂದರು. ಕಲ್ಯಾಣ ನಗರದ ಕಿರಣಕುಮಾರ ಎಂಬ ಸಂಭಾವಿತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡಯಾಲಿಸಿಸ್‌ಗೆ ಬರುವ ಮನುಷ್ಯನನ್ನು ನಾನು ಇದೇ ಮೊದಲು ನೋಡಿದ್ದು. ಪರಿಚಯವಾಗಲಿ ಎಂದು, "ಸಾರ್, ಎಲ್ಕ್ ಹೊಡೆಯೋಕೆ ನೀವು ಯಾವ ಕ್ಯಾಲಿಬರ್ ಬಂದೂಕು ಒಳ್ಳೇದು ಅಂತೀರಿ?" ಎಂದು ವಿನಯದಿಂದ ಕೇಳಿದೆ. ಅವರು ಗಾಬರಿಯಿಂದ ಸಿಸ್ಟರನ್ನು ಕರೆದು ನನ್ನ ಬಿ.ಪಿ. ನೋಡಲು ಹೇಳಿದರು. ಅಂಥವರ ಪಕ್ಕದಲ್ಲಿ ನನ್ನನ್ನು ಬಿಟ್ಟು ಹೋಗಿದ್ದೀಯ, ನೋಡು.

ಹೋದ ಗುರುವಾರ ನೀನು ಯಂತ್ರದಿಂದ ಇಳಿದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ್ದು ಇಷ್ಟೇ: "ಸಾಕ್ರಿ ಸಾಬ್ರ. ಇದರ ಕೂಡ ಬಡಿದಾಡಿ ಸಾಕಾತು. ಊರಿಗೆ ಹೊಂಟೀನಿ." ನಾನು ಅದನ್ನು ರಜೆ ಎಂದು ತಿಳಿದೆ. ಈ ಯಂತ್ರಕ್ಕೆ ರಜೆ ಎಂಬುದಿಲ್ಲ, ಬಿಟ್ಟವರು ಎಷ್ಟು ದಿನ ಇರುತ್ತಾರೆ ಎಂಬುದು ಈ ಹಾಲಿನ ಗೋಡೆಗಳಿಗೂ ಗೊತ್ತು. ಆದರೂ ರಜೆ ಎಂದೇ ತಿಳಿದೆ. "ಹೋಗಿ ರೊಟ್ಟಿ ತಿಂದ್ಕೊಂಡು ಬಾ" ಎಂದೂ ಹೇಳಿದೆನಲ್ಲ, ದಡ್ಡ.

ಆದ್ದರಿಂದ ಈ ಕಾಗದದ ಉದ್ದೇಶ ಒಂದೇ, ನಿನ್ನನ್ನು ಮಸ್ಕಿಯಿಂದ ಎಬ್ಬಿಸಿ ಈ ಹಾಸಿಗೆಗೆ ತಂದು ಮಲಗಿಸುವುದು. ಕಿರಣಕುಮಾರರನ್ನು ಬೇರೆಡೆ ಕಳಿಸುವ ಭಾರ ನನ್ನದು. ಅತ್ತು ಕರೆಯುವುದು ನನಗೆ ಬರುವುದಿಲ್ಲ. ವಾದ ಮಾಡಲು ಬರುತ್ತದೆ. ವಾದದ ವಿಷಯವೂ ನಿನಗೆ ಗೊತ್ತು. ಎಲ್ಕ್ ಬೇಟೆಗೆ ಯಾವ ರೈಫಲ್ಲು, ಯಾವ ತೋಟಾ ಎಂಬುದು ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವ ಮುಂಚೆ ಒಬ್ಬ ಬೇಟೆಗಾರ ಎದ್ದು ಹೋಗುವುದು ಯಾವ ದೇಶದ ಕಾನೂನಿನಲ್ಲೂ ಇಲ್ಲ.

ಮೊದಲ ದಿನ ನೆನಪಿದೆಯಾ? ಹುಸೇನಪ್ಪ ಎಂದು ಸಿಸ್ಟರ್ ಕೂಗಿದ್ದು ಕೇಳಿ, ನಮ್ಮವನೊಬ್ಬ ಬಂದನೆಂದು ನಾನು ಸಲಾಂ ಎಂದೆ. ನೀನು "ಶರಣ್ರಿ" ಎಂದೆ. ನಿನ್ನ ಅಜ್ಜಿ ಮೊಹರಮ್ಮಿನಲ್ಲಿ ಪೀರಲ ದೇವರಿಗೆ ಹರಕೆ ಹೊತ್ತು ಇಟ್ಟ ಹೆಸರು ಎಂದು ಆಮೇಲೆ ಹೇಳಿದೆ. ಮನೆಗೆ ಹೋಗಿ ನನ್ನ ಹೆಂಡತಿ ಉಮ್ಮೆ ಕುಲ್ಸುಂಗೆ ಹೇಳಿದರೆ, "ಹಂಗಾದ್ರೆ ಅರ್ಧ ನೆಂಟ್ರೇ ಆದ್ರಲ್ಲ" ಎಂದಳು. ಅಂದಿನಿಂದ ಅವಳು ನನಗೆ ಕಟ್ಟುವ ಡಬ್ಬಿಯಲ್ಲಿ ಇಡ್ಲಿ ಜಾಸ್ತಿಯಾಯಿತು. ಹೆಚ್ಚಾದವು ಯಾರ ಹೊಟ್ಟೆಗೆ ಹೋದವು ಎಂದು ಇಲ್ಲಿ ಬರೆಯುವುದಿಲ್ಲ.

ಹಾಲಿನ ಟೀವಿಯ ರಿಮೋಟು ಯಾರಿಗೂ ಸಿಗದ ವಸ್ತು. ಅಂದು ಅದರಲ್ಲಿ ಅಮೆರಿಕದ ಬೆಟ್ಟ ಬರುತ್ತಿತ್ತು. ಬೆಟ್ಟದ ಮೇಲೆ ಎಲ್ಕ್. ನಮ್ಮ ಕಾಡಿನ ಕಡವೆಯ ದೊಡ್ಡಪ್ಪನಂಥ ಪ್ರಾಣಿ, ತಲೆಯ ಮೇಲೆ ಎಲೆ ಉದುರಿದ ಮರವನ್ನೇ ಹೊತ್ತಂಥ ಕೊಂಬು. ಅಷ್ಟು ದೊಡ್ಡ ದೇಹ ಬಾಯಿ ತೆರೆದರೆ ಘರ್ಜನೆ ಬರಬೇಕಲ್ಲವೇ? ಬಂದದ್ದು ಮಕ್ಕಳ ಪೀಪಿಯ ಸದ್ದು. ನೀನು ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಕೇಳಿದೆ: "ಇದನ್ನ ಕೆಡವಾಕ ಎಂಥಾ ಬಂದೂಕು ಬೇಕ್ರಿ?"

ಶಿವಾಜಿನಗರದ ಬಂದೂಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದ ರಿಪೇರಿಯವನು ನಾನು. ಆಸ್ಪತ್ರೆ ಸೇರಿದ ಮೇಲೆ ಎಲ್ಲರೂ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿನ್ನೆ ಎಷ್ಟು ನೀರು ಕುಡಿದಿರಿ? ಕಿಡ್ನಿ ಹೋದವನಿಗೆ ನೀರೂ ಅಳತೆಯಲ್ಲೇ. ಅಂಥಲ್ಲಿ ಒಬ್ಬ ಮನುಷ್ಯ ಬಂದೂಕಿನ ಬಗ್ಗೆ ಕೇಳಿದ. ನನಗೆ ಎದ್ದು ಕೂರುವಂತಾಯಿತು. ಕೂತೆ, ಯಂತ್ರ ಅಲಾರಂ ಹೊಡೆಯಿತು.

ನಮ್ಮಿಬ್ಬರ ಬೇಟೆಯ ಅನುಭವವನ್ನೂ ಅಮೃತಮ್ಮನವರ ಮುಂದೆ ಒಮ್ಮೆ ದಾಖಲಿಸಿಬಿಡುತ್ತೇನೆ. ನೀನು ಎ.ಟಿ.ಎಂ.ಗೆ ಹಣ ತುಂಬುವ ವ್ಯಾನಿನ ಗನ್‌ಮ್ಯಾನ್. ಹೆಗಲ ಮೇಲೆ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕು ಹೊತ್ತು ದೊಡ್ಡನೆಕ್ಕುಂದಿಯಿಂದ ಹಲಸೂರಿನವರೆಗೆ ಎಲ್ಲ ಬ್ಯಾಂಕಿನ ಬಾಗಿಲಲ್ಲಿ ನಿಂತವನು. ಅದನ್ನು ಒಂದು ಸಲವೂ ಹಾರಿಸಿದವನಲ್ಲ. ನಾನು ಸಾವಿರ ಬಂದೂಕು ಬಿಚ್ಚಿ ಜೋಡಿಸಿದವನು. ಒಂದು ಪಾರಿವಾಳವನ್ನೂ ಹೊಡೆದವನಲ್ಲ. ಹೀಗೆ ಇಬ್ಬರದೂ ನಿಷ್ಕಳಂಕ ಬೇಟೆಯ ಜೀವನ. ಇಂಥ ಇಬ್ಬರು ಎಲ್ಕ್ ಬೇಟೆಗೆ ಹೊರಟೆವು. ಉಮ್ಮೆ ಕುಲ್ಸುಂ ಹೇಳಿದ್ದು ಸರಿಯಾಗಿಯೇ ಇತ್ತು: "ಇರೋ ಕಿಡ್ನಿ ಕೆಲಸ ಮಾಡಲ್ಲ, ಇಲ್ದಿರೋ ಬಂದೂಕಿಗೆ ತೋಟಾ ಹುಡುಕ್ತಾವ್ರೆ ಇಬ್ರೂ."

ನೀನು ಮೊದಲ ವಾರವೇ ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ಹಾಕಿದೆ. ತ್ರೀ ಹಂಡ್ರೆಡ್ ಮ್ಯಾಗ್ನಂ. ಹೆಸರಿನಲ್ಲೇ ಗತ್ತಿದೆ ಎಂಬುದು ನಿನ್ನ ವಾದ. ನಾನು ಹೇಳಿದೆ: ಅದು ಈ ಬೆಟ್ಟದಿಂದ ಆ ಬೆಟ್ಟದ ಎಲ್ಕನ್ನು ಕೆಡವುತ್ತದೆ ನಿಜ, ಆದರೆ ಅದರ ಒದೆತಕ್ಕೆ ನಿನ್ನಂಥ ಒಣಕಲು ಮನುಷ್ಯ ಹಿಂದಿನ ಬೆಟ್ಟಕ್ಕೆ ಹೋಗಿ ಬೀಳುತ್ತಾನೆ. ಒದೆತಕ್ಕೆ ಹೆದರುವವನು ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ, ಗುಂಡು ಎಲ್ಕಿನ ಹೊಟ್ಟೆಗೋ ಕಾಲಿಗೋ ತಗಲುತ್ತದೆ, ಅದು ದಿನಗಟ್ಟಲೆ ಕುಂಟಿಕೊಂಡು ಅಲೆದು ಎಲ್ಲೋ ಬಿದ್ದು ಸಾಯುತ್ತದೆ. ಅಂಥ ಬೇಟೆಗೆ ನಾನು ಬರುವುದಿಲ್ಲ. ಅದಕ್ಕಿಂತ ಚಿಕ್ಕ ರೈಫಲ್ಲು, ತರ್ಟಿ ನಾಟ್ ಸಿಕ್ಸ್ ಸಾಕು. ನೂರ ಎಂಬತ್ತು ಗ್ರೇನಿನ ಗುಂಡು, ಭುಜದ ಮೂಳೆಗೆ ಬಡಿದರೂ ಚೂರಾಗದೆ ಒಳಗೆ ಹೋಗುವಂಥದ್ದು. ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಮುಗಿಯಿತು.

ಗ್ರೇನ್ ಎಂದರೇನು ಎಂದು ನೀನು ಕೇಳಿದೆ. ಕಾಳು ಎಂದೆ ನಾನು, ಹಿಂದೆ ಗುಂಡಿನ ತೂಕವನ್ನು ಕಾಳಿನ ಲೆಕ್ಕದಲ್ಲಿ ಹೇಳುತ್ತಿದ್ದರು, ಹೆಸರು ಹಾಗೇ ಉಳಿಯಿತು ಎಂದೆ. ಮುಂದಿನ ಸಲ ನೀನು ಪೇಪರಿನ ಪೊಟ್ಟಣದಲ್ಲಿ ನಿಮ್ಮೂರ ಬಿಳಿಜೋಳದ ನೂರ ಎಂಬತ್ತು ಕಾಳು ಎಣಿಸಿ ತಂದೆ. ನನ್ನ ಅಂಗೈ ಮೇಲೆ ಸುರಿದು, "ಇಷ್ಟಕ್ಕ ಸಾಯ್ತದೇನ್ರಿ ಅಂಥಾ ಪ್ರಾಣಿ?" ಎಂದೆ. ಜೋಳ ಹಗುರ, ಇನ್ನೂ ಇಷ್ಟೇ ಸೇರಿಸು ಎಂದೆ ನಾನು. ನೀನು ನಗಲಿಲ್ಲ. ನನ್ನ ಅಂಗೈಗೆ ಕಣ್ಣು ಹತ್ತಿರ ತಂದು ನೋಡಿ, "ಒಂದು ತುತ್ತಿಗೂ ಸಾಲಂಗಿಲ್ಲಲ್ರೀ" ಎಂದೆ. ಆ ಪೊಟ್ಟಣ ಇನ್ನೂ ನನ್ನ ಹತ್ತಿರವೇ ಇದೆ. ಉಮ್ಮೆ ಕುಲ್ಸುಂ ಅದನ್ನು ಹಕ್ಕಿಗೆ ಹಾಕಲು ಹೊರಟಿದ್ದಳು. ಅದು ಮದ್ದುಗುಂಡು, ಮುಟ್ಟಬಾರದು ಎಂದು ಹೆದರಿಸಿ ಎತ್ತಿಟ್ಟಿದ್ದೇನೆ.

ಇನ್ನು ನಮ್ಮ ನಿಜವಾದ ಜಗಳ. ಅಮೃತಮ್ಮಾ, ಇದು ನಿಮಗೆ ಗೊತ್ತಿರಲಾರದು. ನಮ್ಮ ಅಜ್ಜ ಕಂಟೋನ್ಮೆಂಟಿನ ದೊರೆಗಳ ಶಿಕಾರಿ ತಂಡದಲ್ಲಿ ಕತ್ತಿಯವರಾಗಿದ್ದರು. ಗುಂಡು ತಗಲಿ ಪ್ರಾಣಿ ಬಿದ್ದ ಕೂಡಲೇ ಓಡಿಹೋಗಿ, ಅದರ ಪ್ರಾಣ ಹೋಗುವ ಮುಂಚೆ ದೇವರ ಹೆಸರು ಹೇಳಿ ಕುತ್ತಿಗೆಗೆ ಕತ್ತಿ ಇಡುವುದು ಅವರ ಕೆಲಸ. ಅದಾಗದಿದ್ದರೆ ಆ ಮಾಂಸ ನಮ್ಮವರಿಗೆ ಹಲಾಲ್ ಅಲ್ಲ. ಹಾಗಾಗಿ ನಾನು ಹೇಳಿದೆ: ಗುಂಡು ಎಲ್ಕನ್ನು ಕೆಡವಬೇಕು, ಆದರೆ ತಕ್ಷಣ ಕೊಲ್ಲಬಾರದು. ನಾನು ಕತ್ತಿ ಹಿಡಿದು ಬೆಟ್ಟ ಹತ್ತಿ ಬರುವ ತನಕ ಅದರಲ್ಲಿ ಜೀವ ಇರಬೇಕು.

ನೀನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. "ನೀವು ಬೆಟ್ಟ ಹತ್ತಿ ಬರೂತನಕ?" ಎಂದೆ. "ಸಾಬ್ರ, ಮೆಟ್ರೋದಾಗ ಲಿಫ್ಟ್ ಕೆಟ್ರ ಮನಿಗೆ ಹೋಗೂ ಮಂದಿ ನೀವು. ನೀವು ಬರೂತನಕ ಅದು ಒದ್ದಾಡ್ಕೋತ ಬಿದ್ದಿರಬೇಕೇನು?" ನಾನು ಧರ್ಮದ ಮಾತು ಹೇಳಿದೆ. ನೀನು ಧರ್ಮದ ಮಾತಿಗೆ ಎದುರಾಡಲಿಲ್ಲ, ಮರ್ಯಾದಸ್ಥ. "ನಿಮಗ ಊಟದ ಚಿಂತಿ, ನನಗ ಅದರ ಚಿಂತಿ" ಎಂದು ಮಾತ್ರ ಹೇಳಿ ಕಣ್ಣು ಮುಚ್ಚಿದೆ. ಆ ಜಗಳ ಒಂದು ಮಳೆಗಾಲವಿಡೀ ನಡೆಯಿತು. ನಾನು ಬಿಡಲಿಲ್ಲ, ನೀನೂ ಬಿಡಲಿಲ್ಲ. ನಿನ್ನ ಆಚೆ ಹಾಸಿಗೆಯ ಇಮಾಮ್ ಬೀ, "ಆ ಜಾನುವಾರು ಅಮೆರಿಕಾದಲ್ಲಿ ನೆಮ್ಮದಿಯಾಗಿ ಹುಲ್ಲು ತಿಂತಾ ಐತೆ, ನೀವಿಬ್ರೂ ಇಲ್ಲಿ ನಮ್ಮ ತಲೆ ತಿಂತೀರಿ" ಎಂದು ದುಪಟ್ಟಾ ಮುಖಕ್ಕೆ ಎಳೆದುಕೊಂಡದ್ದು ಈಗಲೂ ಕಣ್ಣ ಮುಂದಿದೆ.

ಹಲಸೂರು ಕೆರೆಯ ತಾಲೀಮು ನೆನಪು ಮಾಡಿಕೋ. ಯಂತ್ರ ಮುಗಿದ ಮೇಲೆ ಸುಸ್ತು ಇಳಿಯಲಿ ಎಂದು ಕೆರೆಯ ಬೆಂಚಿನ ಮೇಲೆ ಕೂತು, ನಿನ್ನ ಕೈಗೆ ನನ್ನ ಕೊಡೆ ಕೊಟ್ಟು ಗುರಿ ಹಿಡಿಯಲು ಕಲಿಸಿದೆ. ನಡುಗಡ್ಡೆಯ ಮರದ ಮೇಲೆ ರೆಕ್ಕೆ ಒಣಗಿಸುತ್ತ ಕೂತಿದ್ದ ನೀರುಕಾಗೆ ನಮ್ಮ ಎಲ್ಕ್. ಉಸಿರು ಅರ್ಧ ಬಿಡು, ನಿಲ್ಲಿಸು, ಮೆಲ್ಲಗೆ ಒತ್ತು. ನೀನು ಒತ್ತಿದೆ, ಕೊಡೆ ಬಿಚ್ಚಿಕೊಂಡಿತು. ಎಲ್ಕ್ ಅಲ್ಲೇ ಕೂತಿತ್ತು. ಹೋಂಗಾರ್ಡ್ ಬಂದು "ಏನ್ ಸಾರ್ ಮಾಡ್ತಿದ್ದೀರಾ ಇಲ್ಲಿ?" ಎಂದು ಕೇಳಿದಾಗ ನೀನು ಕೊಡೆಯನ್ನು ಸಲಾಮಿಗೆ ತಂದು ನಿಲ್ಲಿಸಿ, "ಡ್ಯೂಟಿ ಮ್ಯಾಲ ಅದೀವ್ರಿ" ಎಂದೆ. ಆತನೂ ಅರ್ಧ ಸಲಾಮು ಹೊಡೆದು ಹೋದ. ಅಷ್ಟು ನಕ್ಕಿದ್ದು ಅದೇ ಕೊನೆ ಎಂದು ಆಗ ಯಾರಿಗೆ ಗೊತ್ತಿತ್ತು.

ಅಮೆರಿಕದಲ್ಲಿ ಎಲ್ಕ್ ಹೊಡೆಯಲು ಚೀಟಿ ಎತ್ತಿ ಪರವಾನಗಿ ಕೊಡುತ್ತಾರಂತೆ, ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರಂತೆ ಎಂದು ನಾನು ಹೇಳಿದಾಗ ನಿನಗೆ ಆಶ್ಚರ್ಯವಾಗಲಿಲ್ಲ. ನೀನು ಕಿಡ್ನಿಗೆ ಹೆಸರು ಬರೆಸಿ ಕಾಯುತ್ತಿದ್ದವನು. ನನ್ನನ್ನು ವಯಸ್ಸು ನೋಡಿಯೇ ಆ ಸಾಲಿಗೆ ಸೇರಿಸದೆ ಬಿಟ್ಟಿದ್ದರು. "ನನ್ನ ಹೆಸರು ಬಂದ್ರ ನಿಮ್ಮನ್ನ ಕತ್ತಿ ಹಿಡಿಯಾಕ ಕರಕೊಂಡು ಹೋಗ್ತೀನ್ರಿ" ಎನ್ನುತ್ತಿದ್ದೆ. ಯಾವ ಸಾಲಿನ ಮಾತು ಆಡುತ್ತಿದ್ದೆಯೋ ಒಮ್ಮೊಮ್ಮೆ ನನಗೇ ಗೊಂದಲವಾಗುತ್ತಿತ್ತು.

ಆಮೇಲೆ ನಮ್ಮ ರೈಫಲ್ಲು ಚಿಕ್ಕದಾಗುತ್ತ ಬಂತು. ಹೇಗೆ ಚಿಕ್ಕದಾಯಿತು ಎಂಬುದನ್ನು ನಾವು ಯಾರ ಮುಂದೆಯೂ ಆಡಿದ್ದಿಲ್ಲ, ನಮ್ಮ ನಮ್ಮೊಳಗೂ ಆಡಿದ್ದಿಲ್ಲ. ನಿನ್ನ ಎಡಗೈಯ ಫಿಸ್ಟುಲಾ, ಯಂತ್ರದ ಸೂಜಿಗೆಂದು ಮಾಡಿದ್ದ, ಮುಟ್ಟಿದರೆ ಬೆಕ್ಕು ಗುರುಗುಟ್ಟಿದಂತೆ ಮಿಡಿಯುತ್ತಿದ್ದ ಆ ನರ, ಒಂದು ದಿನ ಸುಮ್ಮನಾಯಿತು. ಆ ದಿನ ನೀನೇ "ಭಾರದ ಬಂದೂಕು ಬ್ಯಾಡ್ರಿ, ಕೈ ತಡಿಯಂಗಿಲ್ಲ" ಎಂದು ಮ್ಯಾಗ್ನಂ ಬಿಟ್ಟು ನನ್ನ ತರ್ಟಿ ನಾಟ್ ಸಿಕ್ಸ್‌ಗೆ ಒಪ್ಪಿದೆ. ನಾನು ಗೆದ್ದೆ ಎಂದು ಬೀಗಿದೆ. ಬಳಿಕ ಯಂತ್ರಕ್ಕೆ ಸೇರಿಸಲು ಕುತ್ತಿಗೆಯಿಂದ ಬಲಗಡೆ ಎದೆಗೆ ಪೈಪ್ ಇಟ್ಟರು, ರೈಫಲ್ಲಿನ ಹಿಡಿ ಒರಗುವ ಜಾಗದಲ್ಲೇ. ಆಗ ಸೆವೆನ್ ಎಂ.ಎಂ. ನಾಟ್ ಏಟ್ ತಂದೆವು. ಗುಂಡು ನೂರ ನಲವತ್ತು ಗ್ರೇನು, ಒದೆತ ಕಡಿಮೆ. ಪೈಪಿಗೆ ನಂಜಾಗಿ ಎರಡು ಸಲ ಜ್ವರ ಬಂತು. ಹೃದಯ ಸೋತಿದೆ, ಆಪರೇಷನ್ ತಡೆಯುವುದಿಲ್ಲ ಎಂದು ಕಿಡ್ನಿಯ ಸಾಲಿನಿಂದ ನಿನ್ನ ಹೆಸರು ತೆಗೆದರು. ನೀನು ಬಂದು ಹಾಸಿಗೆಯ ಮೇಲೆ ಮಲಗಿ, "ಇನ್ನೂ ಸಣ್ಣದು ಐತೇನ್ರಿ ಸಾಬ್ರ?" ಎಂದು ಕೇಳಿದೆ.

ನಾನು ರಿಪೇರಿಯವನ ಉತ್ತರ ಕೊಟ್ಟೆ. ಇದೆ, ಆದರೆ ಗುಂಡು ಸಣ್ಣದಾದಷ್ಟೂ ಪ್ರಾಣಿಯ ಹತ್ತಿರ ಹೋಗಬೇಕಾಗುತ್ತದೆ. ದೂರದಿಂದ ಹೊಡೆದು ಗಾಯ ಮಾಡುವ ಹಕ್ಕು ಸಣ್ಣ ಗುಂಡಿನವನಿಗಿಲ್ಲ. ನೀನು ಯೋಚಿಸಿ, "ಹತ್ರ ಹೋದ್ರಾತು" ಎಂದೆ.

ಹತ್ತಿರ ಹೋಗಲು ಬೆಟ್ಟ ಹತ್ತಬೇಕಲ್ಲ. ಕೆ.ಆರ್. ಪುರದ ಪಾದಚಾರಿ ಮೇಲ್ಸೇತುವೆಯೇ ನಮ್ಮ ಬೆಟ್ಟವಾಯಿತು. ಹೋದ ತಿಂಗಳು ನಿನ್ನನ್ನು ಮನೆ ಮುಟ್ಟಿಸಲು ಬಂದಾಗ, ಮೆಟ್ಟಿಲಿನ ಅರ್ಧಕ್ಕೇ ನೀನು ಕೂತೆ. ಉಸಿರು ಸಿಕ್ಕುತ್ತಿರಲಿಲ್ಲ. ಜನ ಚೀಲ ತಗಲಿಸಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದರು. ಕೆಳಗೆ ಬಸ್ಸುಗಳ ಹಾರನ್ನು. ಆಗ ನೀನು ಹೇಳಿದೆ: "ಸಾಬ್ರ, ಬಂದೂಕ ಬಿಟ್ಟು ಹೋದ್ರ ಹೆಂಗ? ಬೆಟ್ಟದಾಗ ಹಳ್ಳ ಇರ್ತದಲ್ರಿ. ಅದು ನೀರಿಗೆ ಬರ್ತದ. ನಾವೂ ಅಲ್ಲೇ ಕುಂದ್ರೂಣು. ಅದು ಕುಡೀಲಿ, ನಾವೂ ಕುಡಿಯೂಣು. ಹೊಟ್ಟಿ ತುಂಬ."

ನಾನು ಸಿಟ್ಟಾದೆ. ಬಂದೂಕಿಲ್ಲದೆ ಹೋದರೆ ಅದು ಬೇಟೆಯಲ್ಲ, ಪಿಕ್‌ನಿಕ್ಕು ಎಂದೆ. ಇಷ್ಟು ವರ್ಷ ನಾನು ಕಲಿಸಿದ್ದೆಲ್ಲ ಕೆರೆಗೆ ಹೋಯಿತು ಎಂದೆ. ನೀನು ರೇಲಿಂಗಿಗೆ ತಲೆ ಕೊಟ್ಟು ಕೂತಿದ್ದೆ. ನಿನಗೆ ಏನು ಬೇಕಾಗಿತ್ತು ಎಂಬುದು ಆಗ ನನಗೆ ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ತಿಳಿಯಿತು, ಅದಕ್ಕೇ ಸಿಟ್ಟು ಬಂತು.

ಈಗ ನನ್ನ ವಾದ ಕೇಳು. ಬೇಟೆಯ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಗುಂಡು ತಗಲಿದ ಪ್ರಾಣಿಯ ಹಿಂದೆ ತಕ್ಷಣ ಓಡಬಾರದು. ಓಡಿದರೆ ಅದು ಗಾಬರಿಯಾಗಿ, ಇದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿಕೊಂಡು ಇನ್ನೂ ದೂರ ಹೋಗುತ್ತದೆ. ಕೂತು ಕಾಯಬೇಕು, ಅದು ತನಗೆ ಬೇಕಾದ ಜಾಗ ಹುಡುಕಿ ಮಲಗಲಿ. ಗುರುವಾರದಿಂದ ನಾನು ಆ ನಿಯಮದಂತೆ ಕಾದಿದ್ದೇನೆ. ನಿನ್ನನ್ನು ಎಲ್ಕಿಗೆ ಹೋಲಿಸಿದೆನೆಂದು ಉಬ್ಬಬೇಡ, ಅದು ನಿನಗಿಂತ ಬಹಳ ಲಕ್ಷಣವಾಗಿದೆ. ಆದರೆ ನಿಯಮದ ಇನ್ನರ್ಧವನ್ನೂ ಹೇಳಬೇಕು. ಕಾದ ಮೇಲೆ ಎದ್ದು ಹಿಂದೆ ಹೋಗಲೇಬೇಕು. ಅದನ್ನು ಒಂಟಿಯಾಗಿ ಮಲಗಿರಲು ಬಿಟ್ಟು ಮನೆಗೆ ಬಂದವನು ಬೇಟೆಗಾರನಲ್ಲ.

ಇಲ್ಲಿಯವರೆಗೆ ಬರೆದು ಪೆನ್ನು ಇಟ್ಟಿದ್ದೆ. ಸಿಸ್ಟರ್ ಬಂದು ಹೋದರು. ಕಿರಣಕುಮಾರರು ನಿದ್ದೆ ಮಾಡುತ್ತಿದ್ದಾರೆ, ಇಸ್ತ್ರಿ ಕೆಡದಂತೆ.

ಕತ್ತಿಯ ವಿಷಯ ಮೊದಲು ತೀರಿಸುತ್ತೇನೆ. ಬಿಟ್ಟೆ. ಅಜ್ಜನ ಆತ್ಮ ಏನು ಬೇಕಾದರೂ ಅಂದುಕೊಳ್ಳಲಿ. ನಾನು ಬರುವ ತನಕ ಅದು ಜೀವ ಹಿಡಿದುಕೊಂಡು ಒದ್ದಾಡುವುದು ಬೇಡ. ನನ್ನ ಊಟದ ಆಸೆಗೆ, ನನ್ನ ಜೊತೆಯ ಆಸೆಗೆ ಇನ್ನೊಂದು ಜೀವ ಬಿದ್ದು ಕಾಯಬೇಕು ಎಂದು ಇಷ್ಟು ದಿನ ವಾದಿಸಿದೆನಲ್ಲ, ಅದನ್ನು ಈ ಕಾಗದದ ಮೂಲಕ ವಾಪಸ್ ತೆಗೆದುಕೊಂಡಿದ್ದೇನೆ. ಒಂದೇ ಗುಂಡು, ಸರಿಯಾದ ಜಾಗಕ್ಕೆ, ತಡವಿಲ್ಲದೆ. ನಾನು ಆ ದಿನ ಅನ್ನ, ಬೇಳೆ ತಿನ್ನುತ್ತೇನೆ. ನೀನು ಗೆದ್ದೆ. ಅಮೃತಮ್ಮಾ, ಈ ಸಾಲನ್ನು ಇನ್ನೊಮ್ಮೆ ಓದಿ. ನನ್ನ ಬಾಯಿಂದ ಇದು ಪದೇ ಪದೇ ಬರುವ ಮಾತಲ್ಲ.

ಇನ್ನು ಬಂದೂಕು ಬಿಟ್ಟು ಹೋಗುವ ವಿಷಯ. ಅದನ್ನು ಎದುರುಬದುರು ಕೂತು ಮಾತಾಡಬೇಕು. ಮಂಗಳ, ಗುರು, ಶನಿ ಯಂತ್ರ ಹತ್ತುವ ನಮಗೆ ಶನಿವಾರಕ್ಕೂ ಮಂಗಳವಾರಕ್ಕೂ ನಡುವೆ ಒಂದು ದಿನ ಹೆಚ್ಚು ಸಿಗುತ್ತದಲ್ಲ, ಅದನ್ನು ಬಳಸುತ್ತೇನೆ. ಶನಿವಾರ ಯಂತ್ರ ಇಳಿದು ಮೆಜೆಸ್ಟಿಕ್ಕಿನಲ್ಲಿ ಮಸ್ಕಿಯ ಬಸ್ಸು ಹತ್ತುತ್ತೇನೆ. ಭಾನುವಾರ ಬೆಳಗಾಗುವ ಹೊತ್ತಿಗೆ ನಿನ್ನ ಬಾಗಿಲಲ್ಲಿರುತ್ತೇನೆ. ಸೋಮವಾರ ಸಂಜೆಯ ಬಸ್ಸಿಗೆ ಹೊರಟರೆ ಸಾಕು. ಈ ವಯಸ್ಸಿಗೆ, ಈ ಕಾಯಿಲೆಗೆ ಅಷ್ಟು ದೂರ ಯಾಕೆ ಎಂದು ಮನೆಯಲ್ಲಿ ಕೇಳಲಿಲ್ಲ. ಉಮ್ಮೆ ಕುಲ್ಸುಂ ಆಗಲೇ ಒಂದು ಹಳೆಯ ಶಾಲು ತೆಗೆದಿಟ್ಟಿದ್ದಾಳೆ. ಬಸ್ಸಿನಲ್ಲಿ ಚಳಿ ಎಂದು.

ಈ ಕಾಗದ ಶುರು ಮಾಡಿದಾಗ ನಿನ್ನನ್ನು ಇಲ್ಲಿಗೆ ಕರೆಸುವ ಯೋಚನೆ ಇತ್ತು. ಬರೆಯುತ್ತ ಬರೆಯುತ್ತ ನಾನೇ ಅಲ್ಲಿಗೆ ಹೊರಟೆ. ವಾದದಲ್ಲಿ ಹೀಗೂ ಆಗುತ್ತದೆ. ಗುಂಡು ಸಣ್ಣದಾದಷ್ಟೂ ಹತ್ತಿರ ಹೋಗಬೇಕೆಂದು ಹೇಳಿದವನು ನಾನೇ ತಾನೆ?

ಜೋಳದ ಪೊಟ್ಟಣ ತರುತ್ತೇನೆ. ಅಂಗೈ ಚಾಚಿಕೊಂಡು ಮಲಗಿರು.

ನಿನ್ನ ಮದ್ದುಗುಂಡು ಕಾಯುತ್ತಿರುವ,
ಖುರ್ಷೀದ್

ತಾ.ಕ.: ಅಮೃತಮ್ಮಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ. ಮುಗೀತು ಎಂದು ಹೇಳಿ, ಕಾಗದ ಹಿಡಿದು ಅಡಿಗೆಮನೆಗೆ ಹೋಗಿ.

ಇನ್ನು ಕೆಲವೇ ದಿನ ಎಂದು ನಿಮ್ಮೂರಿನ ಡಾಕ್ಟರು ಹೇಳಿದ್ದನ್ನು ನೀವು ನಿನ್ನೆ ಉಮ್ಮೆ ಕುಲ್ಸುಂಗೆ ಫೋನಿನಲ್ಲಿ ಹೇಳಿದಿರಲ್ಲ, ಅವಳು ನನಗೆ ಹೇಳಿದಳು. ನನಗೆ ಗೊತ್ತು ಎಂದು ಅವನಿಗೆ ಗೊತ್ತಾಗಬಾರದು. ಅವನು ಇಲ್ಲಿಗೆ ಮರಳುವುದಿಲ್ಲ ಎಂಬುದು ಪೆನ್ನು ಹಿಡಿದಾಗಲೇ ಗೊತ್ತಿತ್ತು. ಮೇಲೆ ಬರೆದದ್ದೆಲ್ಲ ಅವನು ನಗಲಿ ಎಂದು. ನಕ್ಕನೇ? ಭಾನುವಾರ ಹೇಳಿ.

ಇನ್ನೊಂದು ಮಾತು. ಅವನು ಹಗಲಿಡೀ ನೀರು ಕೇಳುತ್ತಾನೆ, ನೀವು ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡುತ್ತೀರಿ, ಇನ್ನೊಂದು ಮುಚ್ಚಳ ಕೇಳಿದರೆ ಇಲ್ಲ ಎಂದು ಹೇಳಿ ಹೊರಗೆ ಹೋಗಿ ಅಳುತ್ತೀರಿ ಎಂದು ಅವಳು ಹೇಳಿದಳು. ಆ ಮುಚ್ಚಳದ ಲೆಕ್ಕವನ್ನು ನಿಮಗೆ ಕಲಿಸಿದ್ದು ಜಯಮಾಲಾ ಸಿಸ್ಟರ್. ಅದಕ್ಕೇ ಇವತ್ತು ಅವರನ್ನೇ ಕೇಳಿದೆ. ನನ್ನ ಕೈಯ ಪ್ಲಾಸ್ಟರ್ ಸರಿಮಾಡುತ್ತಿದ್ದವರು ಅದನ್ನು ಅರ್ಧಕ್ಕೇ ಬಿಟ್ಟು ಆಚೆ ಹೋದರು. ಹಾಲಿನ ಒಂದು ಸುತ್ತು ಹಾಕಿ ಬಂದು ಹೇಳಿದರು: "ಈಗ ಕೊಡ್ಬಹುದು ಅಂಕಲ್. ಸ್ವಲ್ಪ ಸ್ವಲ್ಪ, ಕೇಳಿದಾಗೆಲ್ಲ. ಅಳೀಬೇಡಿ ಅಂತ ಆಂಟಿಗೆ ಹೇಳಿ." ಆಮೇಲೆ ನನ್ನ ನಾಡಿ ನೋಡುವ ನೆಪದಲ್ಲಿ ಬಹಳ ಹೊತ್ತು ಕೈ ಹಿಡಿದು ನಿಂತಿದ್ದರು.

ಮುಚ್ಚಳ ಎಸೆಯಿರಿ. ತಂಬಿಗೆಯನ್ನು ಅವನ ಕೈಗೇ ಕೊಡಿ, ನೀವು ಹಿಂದಿನಿಂದ ಹಿಡಿದುಕೊಳ್ಳಿ. ಹೆದರಿ ನಿಮ್ಮ ಮುಖ ನೋಡಿದರೆ, ಸಾಬರು ಒಪ್ಪಿದ್ದಾರೆ, ಬಂದೂಕು ಬೇಡವಂತೆ, ಇದು ಆ ಹಳ್ಳದ ನೀರಂತೆ ಎಂದು ಹೇಳಿ. ಅವನಿಗೆ ಗೊತ್ತಾಗುತ್ತದೆ.

ಜೊತೆಗೆ ಕೂತು ಕುಡಿಯಬೇಕೆಂಬ ಆಸೆ ನನಗಿತ್ತು. ಆದರೆ ಭಾನುವಾರದ ತನಕ ಕಾಯಿಸಬೇಡಿ. ಕಾಗದ ಮಡಿಸಿಟ್ಟು, ಈಗಲೇ ಕೊಡಿ.